ಮಾವೊರಿ ಅಂದರೆ ನೀರಲ್ಲ

ಆರು ವರ್ಷ ತುಂಬುವವರೆಗೂ ನಮ್ಮ ದೊಡ್ಡಮ್ಮ ಪಿರಿಹಿರಾ ಮಾವೊರಿ ಅಂದರೆ ನೀರು ಎಂದುಕೊಂಡಿದ್ದಳು. ತಪ್ಪು ಅವಳದಲ್ಲ. ಅವಳನ್ನು ಸಾಕಿದ್ದು ಅವಳ ಅಜ್ಜಿ, ಅಜ್ಜಿ ಮಾತಿನಲ್ಲಿ ಮಹಾ ಜಿಪುಣಿ. ನಮ್ಮೂರು ಪುನಾರೊವಾ ಇರುವುದು ಅಳಿವೆಯ ದಡದಲ್ಲಿ, ಆಕ್ಲೆಂಡಿನಿಂದ ಉತ್ತರಕ್ಕೆ ಅರ್ಧ ದಿನದ ದಾರಿ. ಭರತದ ಹೊತ್ತಿಗೆ ಉಪ್ಪುನೀರು ಅಂಗಳದ ಬೇಲಿಯವರೆಗೂ ಬರುತ್ತದೆ. ಕುಡಿಯುವ ನೀರನ್ನು ಮಾತ್ರ ಸ್ಮಶಾನದ ಗುಡ್ಡದ ಬುಡದಲ್ಲಿರುವ ಒರತೆಯಿಂದ ಹೊತ್ತು ತರಬೇಕು. ಸಮುದ್ರದ್ದಲ್ಲದ ಆ ನೀರಿಗೆ ನಮ್ಮ ಭಾಷೆಯಲ್ಲಿ ವೈ ಮಾವೊರಿ ಎನ್ನುತ್ತೇವೆ. ವೈ ಅಂದರೆ ನೀರು. ಅಜ್ಜಿ ಆ ಒಂದಕ್ಷರವನ್ನೂ ಉಳಿತಾಯ ಮಾಡಿ, ಬಕೆಟ್ಟು ಕೈಗೆ ಕೊಟ್ಟು, "ಮಾವೊರಿ ತಗೊಂಡ್ ಬಾ" ಎನ್ನುತ್ತಿದ್ದಳು. ಹುಡುಗಿ ತರುತ್ತಿದ್ದಳು. ಬೇರೆ ಅರ್ಥ ಅವಳಿಗೆ ಬೇಕಾಗಿರಲಿಲ್ಲ.

ಆ ವರ್ಷ ಶಾಲೆಗೆ ಹೊಸ ಮೇಷ್ಟ್ರು ಬಂದರು. ದಕ್ಷಿಣದ ಕಡೆಯವರು, ಬಿಸಿಲಿಗೆ ಕತ್ತು ಕೆಂಪಾಗಿತ್ತು. ಮೊದಲ ದಿನ ಮಕ್ಕಳನ್ನೆಲ್ಲ ಒಮ್ಮೆ ನೋಡಿ, "ಅಂದರೆ ನೀವೆಲ್ಲ ಮಾವೊರಿಗಳು" ಎಂದರಂತೆ. ಪಿರಿಹಿರಾ ಎದ್ದು ನಿಂತಳು.

"ಅಲ್ಲ ಸಾರ್. ಮಾವೊರಿ ಅಲ್ಲಿದೆ, ಬಕೆಟ್ಟಲ್ಲಿ."

ಮೇಷ್ಟ್ರಿಗೆ ಇದು ತಲೆಹರಟೆಯೋ ದಡ್ಡತನವೋ ತಿಳಿಯಲಿಲ್ಲ. ಎರಡಕ್ಕೂ ಆಗಲಿ ಎಂದು ಕೈ ಮೇಲೆ ಒಂದು ಬಾರಿಸಿದರು. ಪಕ್ಕದಲ್ಲಿ ಕುಳಿತಿದ್ದ ರೀಹಿ ಬೆಂಚಿನ ಕೆಳಗೆ ಬಿದ್ದು ನಕ್ಕಳು, ಸಂಜೆಯ ಹೊತ್ತಿಗೆ ಊರೆಲ್ಲ ಸುದ್ದಿ ಮಾಡಿದಳು. ಅಂದಿನಿಂದ ಪಿರಿಹಿರಾಳಿಗೆ 'ನೀರು' ಎಂದೇ ಹೆಸರು. ರೀಹಿ ಅವಳಿಗೆ ಸೋದರಮಾವನ ಮಗಳು, ಒಂದೇ ವಯಸ್ಸು. ಅರವತ್ತು ವರ್ಷ ಅವರಿಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡೇ ಬದುಕಿದರು.

ಕೆಂಪಗಾದ ಅಂಗೈ ಹಿಡಿದುಕೊಂಡು ಮನೆಗೆ ಬಂದ ಮೊಮ್ಮಗಳಿಗೆ ಅಜ್ಜಿ ಆ ದಿನ ಜಿಪುಣತನ ಬಿಟ್ಟು ಮಾತಾಡಿದಳಂತೆ.

"ಮಾವೊರಿ ಅಂದ್ರೆ ನೀರಲ್ಲ ಕಣೇ ಪೆದ್ದಿ. ಸಾದಾ ಅಂತ. ಉಪ್ಪಿಲ್ಲ, ಬಣ್ಣ ಇಲ್ಲ, ಯಾವ ಮಂತ್ರಕ್ಕೂ ಮೀಸಲಿಟ್ಟಿದ್ದಲ್ಲ. ಯಾರ್ ಬೇಕಾದ್ರೂ ಮುಟ್ಟಬಹುದು, ಕುಡೀಬಹುದು. ಅಂಥಾ ನೀರಿಗೂ ಹಂಗಂತೀವಿ, ಅಂಥಾ ಮರಕ್ಕೂ ಅಂತೀವಿ."

"ಮತ್ತೆ ನಮಗ್ಯಾಕೆ ಅಂತಾರೆ?"

"ನಾವೇ ಹೇಳ್ಕೊಂಡಿದ್ದು. ಹಡಗು ಬರೋಕೆ ಮುಂಚೆ ನಮಗೆ ಕುಲದ ಹೆಸರಿತ್ತು, ಗುಡ್ಡದ ಹೆಸರಿತ್ತು. ಎಲ್ರಿಗೂ ಸೇರಿಸಿ ಒಂದು ಹೆಸರು ಯಾಕೆ ಬೇಕು? ಬೇರೆ ಥರದೋರು ಇದ್ರೆ ತಾನೆ! ಆಮೇಲೆ ಬೆಳ್ಳಗಿನೋರು ಇಳಿದ್ರು. ಇವರು ದೆವ್ವಗಳೋ ದೇವರುಗಳೋ ಅಂತಾನೇ ನಮ್ಮೋರಿಗೆ ಗೊತ್ತಾಗ್ಲಿಲ್ಲ. ನೀವ್ಯಾರು ಅಂತ ಅವರು ಕೇಳಿದ್ರು. ನಾವಾ? ನಾವು ಸಾದಾ ಜನ ಅಂದ್ವಿ. ಅದನ್ನೇ ಗಟ್ಟಿ ಹಿಡ್ಕೊಂಡ್ರು."

ಇದನ್ನು ದೊಡ್ಡಮ್ಮ ನನಗೆ ಎಷ್ಟು ಸಲ ಹೇಳಿದ್ದಾಳೋ. ನಾನು ಹಾರತಾ, ಅವಳ ತಂಗಿಯ ಮಗಳು. ಅವಳಿಗೆ ಮಕ್ಕಳಾಗಲಿಲ್ಲ, ಹಾಗಾಗಿ ನನ್ನನ್ನು ಅರ್ಧ ಅವಳೇ ಸಾಕಿದಳು. ಉಳಿದರ್ಧಕ್ಕೆ ನಮ್ಮಮ್ಮನೇ ಹೊಣೆ, ನನ್ನಲ್ಲಿ ಏನಾದರೂ ಕೆಟ್ಟದ್ದಿದ್ದರೆ ಅದು ಆ ಅರ್ಧದ್ದು ಎಂದು ದೊಡ್ಡಮ್ಮನ ತೀರ್ಮಾನ.

ಮದುವೆಯಾದ ಹೊಸದರಲ್ಲಿ ಅವಳು ಗಂಡನ ಜೊತೆ ಆಕ್ಲೆಂಡಿಗೆ ಹೋಗಿದ್ದಳು. ಗಂಡ ಪಿನೇಯಾಹಾ, ಇದೇ ಅಳಿವೆಯ ಆಚೆ ದಡದವನು, ನನಗೆ ದೊಡ್ಡಪ್ಪ. ಅವನು ಬಂದರಿನಲ್ಲಿ ಮೂಟೆ ಹೊರುತ್ತಿದ್ದ, ಇವಳು ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ಬಾಡಿಗೆ ರೂಮಿಗೆ ಅಲೆದಾಡುವಾಗ ಒಂದು ಕಿಟಕಿಯಲ್ಲಿ ರಟ್ಟು ತೂಗುಹಾಕಿತ್ತು: ರೂಮು ಖಾಲಿಯಿದೆ, ಮಾವೊರಿಗಳಿಗೆ ಇಲ್ಲ. ದೊಡ್ಡಪ್ಪ ಅದನ್ನು ನಿಧಾನವಾಗಿ ಓದಿ ತಲೆಯಾಡಿಸಿದನಂತೆ.

"ನೋಡೇ ನೀರು, ಸಾದಾ ಜನಕ್ಕೆ ಕೊಡಲ್ವಂತೆ. ಯಾವನೋ ರಾಜ ಬರ್ತಾನೆ ಅಂತ ಕಾಯ್ತಿದಾರೆ, ಪಾಪ."

ರಸ್ತೆಯಲ್ಲಿ ನಿಂತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮನೆಯಾಕೆ ಪರದೆ ಎಳೆದುಕೊಂಡಳು. ಆ ದಿನ ರೂಮು ಸಿಗಲಿಲ್ಲ, ಮುಂದಿನ ವಾರವೂ ಸಿಗಲಿಲ್ಲ. ನಗು ಮಾತ್ರ ಅವರಿಗೆ ನಲವತ್ತು ವರ್ಷ ಬಂತು. ಯಾರಾದರೂ ದೊಡ್ಡಸ್ತಿಕೆ ತೋರಿಸಿದರೆ ಸಾಕು, ದೊಡ್ಡಪ್ಪ "ರಾಜ ಬಂದ" ಎಂದು ಮೆಲ್ಲಗೆ ಹೇಳುತ್ತಿದ್ದ, ದೊಡ್ಡಮ್ಮ ಸೆರಗಿಲ್ಲದಿದ್ದರೂ ಏಪ್ರನ್ನಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಈಗ ಆ ಶಬ್ದಕ್ಕೆ ಬಹಳ ಬೆಲೆ ಬಂದಿದೆ. ವೇದಿಕೆ ಮೇಲೆ ಹೇಳಿದರೆ ಎದೆಯುಬ್ಬಿಸಿ ಹೇಳುತ್ತಾರೆ. ಪೇಟೆಯ ಅಂಗಡಿಯಲ್ಲಿ ಕೆಲವರು ಹೇಳಿದರೆ, ನನ್ನ ಚೀಲ ತಪಾಸಣೆ ಮಾಡಬೇಕು ಎಂಬ ದನಿ ಅದರಲ್ಲಿರುತ್ತದೆ. ಇಬ್ಬರಿಗೂ ಅದರ ಅರ್ಥ ಮರೆತುಹೋಗಿದೆ ಎಂದು ನನಗೆ ಸಿಟ್ಟು. ಕುಲದವರೆಲ್ಲ ಸೇರುವ ನಮ್ಮ ಸಭಾಮನೆಯ ಅಡುಗೆಮನೆಯಲ್ಲಿ ಮಾತ್ರ ಅದು ಇಂದಿಗೂ ನೀರಿನ ಪಕ್ಕದಲ್ಲೇ ಉಳಿದಿದೆ. ಆ ಬಕೆಟ್ಟಿನಲ್ಲಿರುವುದು ಉಪ್ಪುನೀರು, ಈ ಬಕೆಟ್ಟಿನಲ್ಲಿರುವುದು ಮಾವೊರಿ. ಅದಲು ಬದಲು ಮಾಡಿದರೆ ದೊಡ್ಡಮ್ಮನ ಕೈಯಲ್ಲಿ ಬೈಸಿಕೊಳ್ಳಬೇಕು.

ಅಜ್ಜಿ ತೀರಿಕೊಂಡ ಮೇಲೆ ಗಂಡ ಹೆಂಡತಿ ಇಬ್ಬರೂ ಆಕ್ಲೆಂಡಿನಿಂದ ಊರಿಗೆ ವಾಪಸು ಬಂದಿದ್ದರು. ಆವತ್ತಿನಿಂದ ಅಡುಗೆಮನೆ ದೊಡ್ಡಮ್ಮನದು. ಸಾವಿರಲಿ ಮದುವೆಯಿರಲಿ, ಬಂದವರ ತಟ್ಟೆ ಬರಿದಾಗಬಾರದು, ಅಷ್ಟೇ ಅವಳ ಧರ್ಮ. ಬೈಗುಳವಿಲ್ಲದೆ ಅವಳಿಗೆ ಒಲೆ ಹತ್ತುತ್ತಿರಲಿಲ್ಲ. ನನ್ನ ಕರಿದ ರೊಟ್ಟಿ ನೋಡಿ, "ಇದನ್ನ ದೋಣಿಗೆ ಲಂಗರು ಮಾಡ್ಕೊಳ್ಳೋಕೆ ಕೊಡು ನಿಮ್ ದೊಡ್ಡಪ್ಪಂಗೆ" ಎಂದದ್ದು ಇನ್ನೂ ಕಿವಿಯಲ್ಲಿದೆ. ಬೈಸಿಕೊಂಡವರು ಯಾರೂ ಮುನಿಸಿಕೊಳ್ಳುತ್ತಿರಲಿಲ್ಲ. ಬೈಸಿಕೊಳ್ಳದವರೇ ಏನೋ ತಪ್ಪಾಗಿದೆ ಎಂದು ಹೆದರುತ್ತಿದ್ದರು.

ಇನ್ನೊಂದು ಕೆಲಸವೂ ಅವಳದೇ. ಸ್ಮಶಾನದ ಗೇಟಿನ ಪಕ್ಕ ಒಂದು ತಗಡಿನ ಡಬ್ಬವಿದೆ. ಮಣ್ಣು ಮಾಡಿ ಹೊರಗೆ ಬರುವವರು ಅದರ ನೀರಿನಲ್ಲಿ ಕೈ ತೊಳೆದು, ತಲೆಗೆ ಚಿಮುಕಿಸಿಕೊಂಡು ಬರಬೇಕು. ಅಲ್ಲಿಗೆ ಸೂತಕ ಬಿಟ್ಟಿತು, ಮನುಷ್ಯ ಮತ್ತೆ ಸಾದಾ ಆದ. ಆಮೇಲೆ ಅಡುಗೆಮನೆಗೆ ಹೋಗಬಹುದು, ಊಟ ಮುಟ್ಟಬಹುದು. ಆ ಡಬ್ಬ ಒಣಗಿದ್ದನ್ನು ನಾನು ಕಂಡಿರಲಿಲ್ಲ.

ಹೊಸ ವರ್ಷ ಕಳೆದು ಒಂದು ವಾರವಾಗಿತ್ತು, ನಮ್ಮ ಕಡೆ ಅದು ನಡುಬೇಸಿಗೆ. ದೊಡ್ಡಪ್ಪ ಎಂದಿನಂತೆ ಬೆಳಿಗ್ಗೆ ಬಲೆ ಹಾಕಲು ಹೊರಟ. ದೊಡ್ಡಮ್ಮ ಎಂದಿನಂತೆ ಹಳೆಯ ಶರಬತ್ತಿನ ಬಾಟಲಿಗೆ ಒರತೆಯ ನೀರು ತುಂಬಿ ಕೊಟ್ಟಳು. ಅವನು ಟೋಪಿ ಮರೆತಿದ್ದ. ಅವಳು ಕೂಗಿ ಹೇಳಿದಳು.

"ಟೋಪಿ ಬಿಟ್ಟಿದೀಯಾ! ತಲೆ ಬೇಯುತ್ತೆ!"

"ಖಾಲಿ ಪಾತ್ರೆ, ಬೇಯ್ಲಿ ಬಿಡು. ನೀರು ಕೊಟ್ಟಿದೀಯಲ್ಲ ನೀರು, ಅಷ್ಟು ಸಾಕು."

ಮಧ್ಯಾಹ್ನ ಇಳಿತದ ಹೊತ್ತಿಗೆ ದೋಣಿ ಮಾತ್ರ ಸಿಕ್ಕಿತು. ಉಪ್ಪುನೀರಿನ ಕಾಂಡ್ಲಾ ಗಿಡಗಳ ನಡುವೆ ನೆಟ್ಟಗೇ ನಿಂತಿತ್ತು, ಮಗುಚಿಯೂ ಇರಲಿಲ್ಲ. ಬಲೆ ಅರ್ಧ ಬಿಟ್ಟಿತ್ತು. ಮೂತಿಯ ಹತ್ತಿರ ಬಾಟಲಿ ಆರಾಮಾಗಿ ಕುಳಿತಿತ್ತು, ಒಂದೇ ಗುಟುಕು ಕಮ್ಮಿಯಾಗಿತ್ತು. ಎದೆ ಹಿಡಿದುಕೊಂಡಿತೋ, ಕಾಲು ಜಾರಿತೋ, ಯಾರಿಗೂ ತಿಳಿಯಲಿಲ್ಲ. ಪೊಲೀಸರ ಮುಳುಗುಗಾರರು ಬಂದರು. ಹೆಲಿಕಾಪ್ಟರ್ ಬಂತು. ನಮ್ಮವರು ಅಳಿವೆಯ ಬಾಯಿಂದ ಮೇಲಿನವರೆಗೆ ಎರಡೂ ದಡ ನಡೆದರು. ಹೊರಸೆಳೆತ ಜೋರಿರುವ ಜಾಗ ಅದು. ದೊಡ್ಡಪ್ಪ ಸಿಗಲಿಲ್ಲ.

ನಮ್ಮಲ್ಲಿ ನೀರಿನಲ್ಲಿ ಜೀವ ಹೋದರೆ ಆ ನೀರಿಗೆ ರಾಹುಯಿ ಹಾಕುತ್ತಾರೆ. ಅಂದರೆ ಮುಚ್ಚುತ್ತಾರೆ. ಮೀನು ಹಿಡಿಯುವಂತಿಲ್ಲ, ಚಿಪ್ಪಿ ತೆಗೆಯುವಂತಿಲ್ಲ, ಈಜುವಂತಿಲ್ಲ. ಸತ್ತವನ ದೇಹ ಇರುವ ನೀರಿನಿಂದ ಹೊಟ್ಟೆ ತುಂಬಿಕೊಳ್ಳುವುದು ಹೇಗೆ? ದೇಹ ಸಿಕ್ಕ ಮೇಲೆ, ಇಲ್ಲವೇ ಹಿರಿಯರು ಹೇಳಿದ ದಿನಕ್ಕೆ, ಬೆಳಗಿನ ಪ್ರಾರ್ಥನೆ ಮಾಡಿ ತೆಗೆಯುತ್ತಾರೆ. ಹಿರಿಯರು ಅಂದರೆ ಇಲ್ಲಿ ಹೊಹೆಪಾ, ದೊಡ್ಡಪ್ಪನ ಸ್ವಂತ ಅಣ್ಣ. ಒಳ್ಳೆಯ ಮನುಷ್ಯ, ಆದರೆ ಮಾತು ಶುರು ಮಾಡಿದರೆ ನಿಲ್ಲಿಸುವುದು ಗೊತ್ತಿಲ್ಲ. ದಡದಲ್ಲಿ ಗೂಟ ನೆಟ್ಟು, ತಮ್ಮ ಮರೆತುಹೋಗಿದ್ದ ಟೋಪಿಯನ್ನು ಅದಕ್ಕೆ ಕಟ್ಟಿ, ಅಳುತ್ತ ಅಳುತ್ತ ಹೇಳಿಬಿಟ್ಟ: "ನನ್ನ ತಮ್ಮ ಬರೋವರೆಗೂ ಈ ನೀರು ಮುಚ್ಚಿರುತ್ತೆ. ಇಲ್ಲಾಂದ್ರೆ ಅವನ ಹೆಂಡತಿ ಬಾಯಿಬಿಟ್ಟು ಸಾಕು ಅನ್ನೋವರೆಗೂ."

ಒಂದು ದಿನ ಗೊತ್ತು ಮಾಡಿದ್ದರೆ ಆಗುತ್ತಿತ್ತು. ಅವನಿಗೆ ಆ ಕ್ಷಣ ತಮ್ಮನ ಹೆಂಡತಿಗೆ ಗೌರವ ಕೊಡಬೇಕು ಅನ್ನಿಸಿತು, ಕೊಟ್ಟುಬಿಟ್ಟ. ಗೂಟದ ಬುಡದಲ್ಲಿ ನಿಂತು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಇಡೀ ಅಳಿವೆಯನ್ನು ಎತ್ತಿ ಅವಳ ತಲೆ ಮೇಲೆ ಇಟ್ಟ ಹಾಗಾಯಿತು. ನನಗೆ ಇವತ್ತಿಗೂ ಆ ಮುದುಕನ ಮೇಲೆ ಕೋಪವಿದೆ.

ಸಭಾಮನೆಯ ಜಗಲಿಯಲ್ಲಿ ದೊಡ್ಡಪ್ಪನ ಫೋಟೋ ಇಟ್ಟರು. ದೊಡ್ಡಮ್ಮ ತಲೆಗೆ ಎಲೆಯ ದಂಡೆ ಸುತ್ತಿಕೊಂಡು ಅದರ ಪಕ್ಕ ಚಾಪೆಯಲ್ಲಿ ಕುಳಿತಳು. ಜನ ಬಂದರು, ಅತ್ತರು, ಹಾಡಿದರು, ದೊಡ್ಡಪ್ಪನ ಜೋಕುಗಳನ್ನು ನೆನೆಸಿಕೊಂಡು ನಕ್ಕರು. ಅವಳು ಅಳಲೂ ಇಲ್ಲ, ನಗಲೂ ಇಲ್ಲ. ನಮ್ಮ ಪದ್ಧತಿಯಂತೆ ಮೂಗಿಗೆ ಮೂಗು ತಾಗಿಸಿದವರಿಗೆಲ್ಲ ಮೂಗು ಕೊಟ್ಟಳು. ಕೊನೆಯ ದಿನ ಕೈ ತೊಳೆಯಲು ನೀರು ತಂದಾಗ ಒಂದೇ ಮಾತು ಹೇಳಿದಳು.

"ನಾನು ಯಾರನ್ನ ಮಣ್ಣು ಮಾಡಿದೀನಿ ಅಂತ ತೊಳೀಲಿ?"

ನೀರು ಹಿಂದಕ್ಕೆ ಹೋಯಿತು. ಕೈ ತೊಳೆಯದ ಮೇಲೆ ಸೂತಕ ಬಿಡಲಿಲ್ಲ, ಸೂತಕ ಬಿಡದ ಮೇಲೆ ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ಅವಳು ಮನೆಗೆ ಹೋಗಿ ಜಗಲಿಯ ಕುರ್ಚಿಯಲ್ಲಿ ಕುಳಿತಳು.

ಕುಳಿತೇ ಇದ್ದಳು. ಆ ಬೇಸಿಗೆಯನ್ನು ಹೇಗೆ ಹೇಳಬೇಕೋ ನನಗೆ ತಿಳಿಯುವುದಿಲ್ಲ, ಹೇಳುವಂಥದ್ದೇನೂ ಆಗಲಿಲ್ಲ. ಬೆಳಿಗ್ಗೆ ಹೋಗಿ ತಟ್ಟೆ ಇಡುತ್ತಿದ್ದೆ, ಸಂಜೆ ಹೋಗಿ ತಟ್ಟೆ ತರುತ್ತಿದ್ದೆ. ಇಟ್ಟದ್ದನ್ನು ತಿನ್ನುತ್ತಿದ್ದಳು. ಸಮುದ್ರದ ಕಡೆ ನೋಡುತ್ತಾಳೆ ಎಂದು ಜನ ಹೇಳಿಕೊಂಡರು, ಸುಳ್ಳು. ಅವಳು ನೋಡುತ್ತಿದ್ದದ್ದು ಬೇಲಿಯನ್ನು. ಬಾಟಲಿ ಕುರ್ಚಿಯ ಕಾಲಿನ ಪಕ್ಕದಲ್ಲಿ ಇರುತ್ತಿತ್ತು. ಅದನ್ನು ಎತ್ತಿಕೊಳ್ಳುತ್ತಲೂ ಇರಲಿಲ್ಲ, ಒಳಗಿಡಲು ಬಿಡುತ್ತಲೂ ಇರಲಿಲ್ಲ. ನಾನು ಮಾತಾಡಿದರೆ "ಹೂಂ" ಅನ್ನುತ್ತಿದ್ದಳು. ಒಂದು ದಿನ ರೊಟ್ಟಿ ಹೊತ್ತಿ ಕರಿಕಲಾಯಿತು. ಬೇರೆ ಮಾಡಲು ಹಿಟ್ಟಿತ್ತು, ಬೇಕೆಂದೇ ಮಾಡದೆ ಅದನ್ನೇ ಒಯ್ದೆ. ಈಗಲಾದರೂ ಬೈಯುತ್ತಾಳೆ ಅಂದುಕೊಂಡೆ. ಅವಳು ಕರಿಕಲನ್ನು ಚೂರು ಚೂರು ಮಾಡಿ ತಿಂದು ಮುಗಿಸಿ, "ಆಯ್ತು, ತಗೊಂಡ್ ಹೋಗು" ಎಂದಳು. ದಾರಿಯಲ್ಲಿ ಅಳು ಬರಬಹುದು ಅಂದುಕೊಂಡೆ. ನನಗೂ ಬರಲಿಲ್ಲ.

ಊರಿಗೂ ಹಾಗೇ ಆಗಿತ್ತು. ಅಳಿವೆ ಎದುರಿಗೇ ಹೊಳೆಯುತ್ತಿತ್ತು, ಕನಯೆ ಮೀನು ಹಿಂಡುಹಿಂಡಾಗಿ ಹಾರುತ್ತಿತ್ತು, ನಾವು ಪೇಟೆಯಿಂದ ಡಬ್ಬದ ಮೀನು ತಂದು ತಿನ್ನುತ್ತಿದ್ದೆವು. ಯಾರೂ ಗೊಣಗಲಿಲ್ಲ. ಗೊಣಗಿದ್ದರೆ ಚೆನ್ನಾಗಿರುತ್ತಿತ್ತು. ದೊಡ್ಡಮ್ಮನ ಮನೆ ಮುಂದೆ ಹೋಗುವಾಗ ಕಾರಿನ ಹಾಡು ನಿಲ್ಲಿಸುತ್ತಿದ್ದರು, ಹೆಂಗಸರು ದನಿ ತಗ್ಗಿಸುತ್ತಿದ್ದರು. ಯಾರೂ ಅವಳನ್ನು 'ನೀರು' ಎನ್ನುತ್ತಿರಲಿಲ್ಲ. ಸ್ಮಶಾನದ ಗೇಟಿನ ಡಬ್ಬದಲ್ಲಿ ಎಲೆ ತುಂಬಿತು.

ಹೊಹೆಪಾ ಪ್ರತಿ ಭಾನುವಾರ ಬಂದು ಎದುರಿಗೆ ಕುಳಿತುಕೊಳ್ಳುತ್ತಿದ್ದ. ಪೂರ್ವಜರಿಂದ ಶುರು ಮಾಡಿ, ನಕ್ಷತ್ರಗಳನ್ನು ಸುತ್ತಿ, ಗುಡ್ಡ ಹತ್ತಿ ಇಳಿದು, ಕೊನೆಗೆ ಗೂಟದ ಹತ್ತಿರ ಬಂದು ನಿಲ್ಲುತ್ತಿದ್ದ. ಅವಳು "ಹೂಂ" ಎನ್ನುತ್ತಿದ್ದಳು. ಅವನು ಎದ್ದು ಹೋಗುತ್ತಿದ್ದ. ಒಂದು ಸಲ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ ಕೇಳಿದ.

"ಏನಾದ್ರೂ ಅಂದ್ಲಾ?"

"ಏನಂತಾಳೆ ಹೊಹೆಪಾ ದೊಡ್ಡಪ್ಪ? ನೀವು ದಿನ ಗೊತ್ತು ಮಾಡಿದ್ರೆ ಅವಳು ಅನ್ನೋದೇ ಬೇಕಾಗಿರ್ಲಿಲ್ಲ."

ಮುದುಕ ತಲೆ ತಗ್ಗಿಸಿದ. "ಮರ್ಯಾದೆ ಕೊಡೋಣ ಅಂದ್ಕೊಂಡೆ ಕಣಮ್ಮ."

ಈಸ್ಟರ್ ಹತ್ತಿರ ಬಂತು. ರೀಹಿಯ ತಾಯಿ ಹಿಂದಿನ ವರ್ಷ ತೀರಿಕೊಂಡಿದ್ದಳು. ಅವಳ ಸಮಾಧಿಯ ಕಲ್ಲು ಬಟ್ಟೆ ಹೊದ್ದು ಕಾಯುತ್ತಿತ್ತು, ಬಟ್ಟೆ ಸರಿಸುವ ಕಾರ್ಯ ಈಸ್ಟರಿನ ಶನಿವಾರಕ್ಕೆ. ಬೇರೆ ಕುಲಗಳವರು ಬಸ್ಸು ಮಾಡಿಕೊಂಡು ಬರುವವರಿದ್ದರು. ಪುನಾರೊವಾಕ್ಕೆ ಬರುವವರು ನಮ್ಮ ಭಾಷಣ ಕೇಳಲು ಬರುವುದಿಲ್ಲ, ಪಿಪಿ ತಿನ್ನಲು ಬರುತ್ತಾರೆ. ಅಂಗುಲದಷ್ಟು ಉದ್ದದ ಬಿಳಿ ಚಿಪ್ಪಿ, ನಮ್ಮ ಮರಳುದಿಬ್ಬದ್ದಕ್ಕೆ ಇರುವ ರುಚಿ ಬೇರೆಡೆ ಇಲ್ಲ. ಅದಿಲ್ಲದೆ ಊಟ ಹಾಕಿದರೆ ಊರಿನ ಮಾನ ಹೋದ ಹಾಗೆ. ಆದರೂ ರೀಹಿ ಬಾಯಿ ಬಿಡಲಿಲ್ಲ.

ಕಾರ್ಯಕ್ಕೆ ಎರಡು ದಿನವಿರುವಾಗ ಅವಳು ಕರೆಯಲು ಬಂದಳು. ನಾನು ಒಳಗೆ ದೊಡ್ಡಮ್ಮನ ಬಟ್ಟೆ ಒಗೆಯುತ್ತಿದ್ದೆ, ಬಾಗಿಲು ತೆರೆದಿತ್ತು. ರೀಹಿ ಅತ್ತೆ ಚರ್ಚಿಗೆ ಹಾಕುವ ಹ್ಯಾಟು ಹಾಕಿಕೊಂಡಿದ್ದಳು. ಆ ಮನೆಯ ಮೆಟ್ಟಿಲನ್ನು ಬರಿಗಾಲಿನಲ್ಲಿ ಸಾವಿರ ಸಲ ಹತ್ತಿದವಳು, ಕೆಳಗಿನ ಮೆಟ್ಟಿಲಲ್ಲೇ ನಿಂತಳು.

"ಶನಿವಾರ ನಮ್ಮಮ್ಮನ ಕಲ್ಲಿನ ಕಾರ್ಯ," ಎಂದಳು. "ನೀವು ಬಂದ್ರೆ ನಮಗೆಲ್ಲ ಸಮಾಧಾನ. ಬರೋಕಾಗ್ಲಿಲ್ಲ ಅಂದ್ರೂ ಪರವಾಗಿಲ್ಲ. ನೀವು ಹೇಗೆ ಹೇಳಿದ್ರೆ ಹಾಗೆ."

ದೊಡ್ಡಮ್ಮ ಬೇಲಿಯಿಂದ ಕಣ್ಣು ತೆಗೆದಳು. "ಏನಂದೆ?"

"ಕಾರ್ಯ... ಶನಿವಾರ..."

"ಅದಲ್ಲ. ನೀವು ಅಂದ್ಯಾ ನನ್ನ?"

ರೀಹಿ ಅತ್ತೆ ಹ್ಯಾಟು ಸರಿಮಾಡಿಕೊಂಡಳು.

"ಊಟಕ್ಕೆ ಏನು ಹಾಕ್ತೀಯ ಬಂದೋರಿಗೆ?"

"ಹಂದಿ ಇದೆ. ಗೆಣಸು ಇದೆ. ಕೋಳಿ ತರಿಸ್ತಿದೀವಿ, ಪೇಟೆಯಿಂದ."

"ಕೋಳಿ," ಎಂದಳು ದೊಡ್ಡಮ್ಮ. ದನಿಯಲ್ಲಿ ಏನೂ ಇರಲಿಲ್ಲ, ಕಲ್ಲಿನ ಮೇಲೆ ಕಲ್ಲಿಟ್ಟ ಹಾಗಿತ್ತು. "ಅಳಿವೆ ಪಕ್ಕ ಕೂತ್ಕೊಂಡು ಕೋಳಿ. ನನ್ನಿಂದ ಹಿಂಗಾಯ್ತು. ನೀನು ನನ್ನ ಬೈಬೇಕು ತಾನೇ ಇದಕ್ಕೆ? ಎದ್ದೇಳೇ ನೀರು, ಒಂದು ಮಾತು ಹೇಳಿ ಸಾಯಿ ಅಂತ ಬೈಬೇಕು ತಾನೇ?"

"ಅಯ್ಯೋ, ಹಂಗೆಲ್ಲ ಹೆಂಗೆ... ನಿಮಗೆ..."

"ಬೈಯೇ ರೀಹಿ. ಒಂದ್ಸಲ ಬೈಯೇ ನನ್ನ."

ರೀಹಿ ಅತ್ತೆ ಬಾಯಿ ತೆರೆದಳು. ಅರವತ್ತು ವರ್ಷದ ಅಭ್ಯಾಸವಿದ್ದ ಬಾಯಿ. ಏನೂ ಬರಲಿಲ್ಲ. ಹ್ಯಾಟು ಕೈಗೆ ತೆಗೆದುಕೊಂಡು, ತಿರುಗಿ ನಡೆದುಬಿಟ್ಟಳು.

ದೊಡ್ಡಮ್ಮ ನನ್ನನ್ನು ಕರೆದಳು. ನಾನು ಒದ್ದೆ ಕೈಯಲ್ಲೇ ಬಂದು ನೆಲದ ಮೇಲೆ ಕುಳಿತೆ.

"ಅವರಮ್ಮನ ಕಲ್ಲಿಗೆ ಬಟ್ಟೆ ಹೊದಿಸಿಟ್ಟಿದಾರೆ ನೋಡು, ಹಂಗೆ ನನಗೂ ಹೊದಿಸಿಟ್ಟಿದಾರೆ ಎಲ್ರೂ. ಅವಳೂ ಹೊದಿಸ್ಬಿಟ್ಲು."

"ನೀನೇ ಒಂದು ಮಾತು ಹೇಳಿದ್ರೆ ತೆಗೀತಾರೆ ದೊಡ್ಡಮ್ಮ."

"ಗೊತ್ತು. ಅವನು ಸಿಕ್ಕಲ್ಲ ಅಂತಾನೂ ಗೊತ್ತು. ಮೊದಲನೇ ವಾರಾನೇ ಗೊತ್ತಿತ್ತು." ಅವಳು ಬಾಟಲಿಯನ್ನು ಕಾಲಿನಿಂದ ಸ್ವಲ್ಪ ಸರಿಸಿದಳು. "ಸಾಕು ಅಂದ್ಬಿಟ್ರೆ ಸಮುದ್ರ ಮತ್ತೆ ಸಾದಾ ಆಗುತ್ತೆ. ಬಲೆ ಹಾಕ್ತಾರೆ, ಮಕ್ಕಳು ಈಜ್ತಾರೆ. ಅವನು ಇಲ್ಲೆಲ್ಲೋ ಇದಾನೆ ಅನ್ನೋಕೆ ಒಂದು ಗುರುತೂ ಇರಲ್ಲ. ಅವನಿಗೆ ಗೋರಿ ಇಲ್ಲ, ಕಲ್ಲಿಲ್ಲ. ಆ ರಾಹುಯಿನೇ ಅವನ ಗೋರಿ ಅಂದ್ಕೊಂಡು ಕಾಯ್ತಾ ಕೂತೆ. ನಾನೂ ಅದರೊಳಗೇ ಇದೀನಿ ಅಂತ ಗೊತ್ತಾಗ್ಲಿಲ್ಲ." ನನ್ನ ಕಡೆ ತಿರುಗಿ ಹೇಳಿದಳು, "ನನಗೆ ಮಾವೊರಿ ಆಗ್ಬೇಕು ಕಣೇ ಹಾರತಾ. ರಾಣಿ ಥರ ಕೂತು ಸಾಕಾಯ್ತು."

ಅವಳು ಆ ಶಬ್ದವನ್ನು ಅಜ್ಜಿಯ ಅರ್ಥದಲ್ಲೇ ಹೇಳಿದಳು. ಆಮೇಲೆ, "ಹೋಗಿ ಭಾವಂಗೆ ಹೇಳು, ನಾಳೆ ಬೆಳಿಗ್ಗೆ ಅಂತ. ಭಾಷಣ ಚಿಕ್ಕದಿರ್ಲಿ ಅನ್ನು" ಎಂದಳು. ನಾನು ಒದ್ದೆ ಬಟ್ಟೆಯನ್ನು ಅಲ್ಲೇ ಬಿಟ್ಟು ಓಡಿದೆ.

ಬೆಳಕು ಹರಿಯುವಾಗ ಊರೆಲ್ಲ ದಡದಲ್ಲಿತ್ತು. ದೊಡ್ಡಮ್ಮ ಬಾಟಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಹೊಹೆಪಾ ಪ್ರಾರ್ಥನೆ ಮುಗಿಸಿದ. ಮುಗಿಸಿ ಸುಮ್ಮನಾಗಬೇಕಿತ್ತು, ಪೂರ್ವಜರ ದೋಣಿಗಳನ್ನು ಒಂದೊಂದಾಗಿ ದಡಕ್ಕೆ ಕರೆಯತೊಡಗಿದ. ಮೂರನೆಯ ದೋಣಿ ಬರುವಷ್ಟರಲ್ಲಿ ದೊಡ್ಡಮ್ಮ ಅವನ ತೋಳು ಮುಟ್ಟಿದಳು.

"ಭಾವ, ಸಾಕು. ಅವನು ಸಾದಾ ಮನುಷ್ಯ. ಇಷ್ಟೆಲ್ಲ ಕೇಳಿದ್ರೆ ರಾಜ ಬಂದ ಅಂತಾನೆ."

ಯಾರೋ ಹಿಂದೆ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಅವಳು ನೀರಿನ ಅಂಚಿಗೆ ಹೋದಳು. ಅಲೆ ಬಂದು ಶೂ ನೆನೆಸಿತು. "ಹೋಗು," ಎಂದಳು. ಸಮುದ್ರಕ್ಕೆ ಹೇಳಿದಳೋ ಅವನಿಗೆ ಹೇಳಿದಳೋ. "ಮಾವೊರಿ ಆಗು."

ಆಮೇಲೆ ಬಾಟಲಿಯ ಮುಚ್ಚಳ ತಿರುಗಿಸಿದಳು. ಇಷ್ಟು ದಿನಕ್ಕೆ ತಳದಲ್ಲಿ ತೆಳ್ಳಗೆ ಪಾಚಿ ಕಟ್ಟಿತ್ತು. ಅವಳೇ ತುಂಬಿಕೊಟ್ಟ, ಅವನು ಒಂದೇ ಗುಟುಕು ಕುಡಿದ ನೀರು. ಕೈಗೆ ಸುರಿದುಕೊಂಡು ಒಂದು ಕೈಯಿಂದ ಇನ್ನೊಂದನ್ನು ಉಜ್ಜಿದಳು, ತಲೆಗೆ ಚಿಮುಕಿಸಿಕೊಂಡಳು. ಉಳಿದದ್ದನ್ನು ಹೊಹೆಪಾನ ಕೈಗೆ, ನನ್ನ ಕೈಗೆ, ಮುಂದಿದ್ದವರ ಕೈಗೆ ಸುರಿದಳು. ನೀರು ಮುಗಿಯಿತು. ಖಾಲಿ ಬಾಟಲಿಗೆ ಮುಚ್ಚಳ ಹಾಕಿದಳು. ಅವಳ ಮುಖ ಬೇಸಿಗೆಯೆಲ್ಲ ಹೇಗಿತ್ತೋ ಹಾಗೇ ಇತ್ತು. ಗೂಟದಿಂದ ಟೋಪಿ ಬಿಚ್ಚಿ ಮರಳು ಕೊಡವಿ ಮಡಚಿಟ್ಟುಕೊಂಡಳು.

ಇಳಿತ ಶುರುವಾಗಿತ್ತು. ಜನ ಬಕೆಟ್ಟು ಹಿಡಿದು ದಿಬ್ಬಕ್ಕೆ ಓಡಿದರು. ಪಿಪಿಯನ್ನು ತೆಗೆದ ತಕ್ಷಣ ಬೇಯಿಸಬಾರದು, ಸ್ವಲ್ಪ ಹೊತ್ತು ಉಪ್ಪುನೀರಿನಲ್ಲಿ ಬಿಟ್ಟರೆ ಅದು ಹೊಟ್ಟೆಯ ಮರಳನ್ನೆಲ್ಲ ಉಗುಳುತ್ತದೆ. ಅಷ್ಟು ತಾಳ್ಮೆ ಯಾರಿಗಿತ್ತು? ದಡದಲ್ಲೇ ಬೆಂಕಿ ಮಾಡಿ ಪಾತ್ರೆಗೆ ಸುರಿದೆ. ಬಾಯಿಬಿಟ್ಟ ಚಿಪ್ಪಿಗಳನ್ನು ಮೊದಲ ಬಟ್ಟಲಿಗೆ ಹಾಕಿ ದೊಡ್ಡಮ್ಮನ ಕೈಗೆ ಕೊಟ್ಟೆ. ಅವಳು ತಿನ್ನದೆ ಬೇರೆಯವರು ತಿನ್ನುವ ಹಾಗಿಲ್ಲ. ಊರೆಲ್ಲ ಬಟ್ಟಲು ಹಿಡಿದು ನಿಂತಿತು.

ಅವಳು ಒಂದನ್ನು ಬಾಯಿಗೆ ಹಾಕಿಕೊಂಡಳು. ಕರಕ್ಕೆಂದ ಸದ್ದು ನನಗೂ ಕೇಳಿಸಿತು. ಅಗಿಯುವುದು ನಿಂತಿತು. ಅಂಗೈಗೆ ಉಗುಳಿ, ಮರಳನ್ನು ಬೆರಳಿನಿಂದ ಹರಡಿ, ಅದನ್ನೇ ನೋಡುತ್ತ ನಿಂತಳು. ಆ ಮರಳು ಎಲ್ಲಿಯದು ಎಂದು ನಮಗೆಲ್ಲ ಗೊತ್ತಿತ್ತು.

"ಯಾವಳೇ ಇದನ್ನ ಬೇಯಿಸ್ದೋಳು?"

"ನಾನೇ, ದೊಡ್ಡಮ್ಮ."

"ಬಾಯಿಗೆ ಅಳಿವೆನೇ ತುಂಬಿದೀಯಲ್ಲೇ! ನೆನೆಹಾಕೋಕೆ ಏನು ರೋಗ ಬಂದಿತ್ತು ನಿಂಗೆ? ಶನಿವಾರ ಬಂದೋರ ಹಲ್ಲು ಮುರೀಬೇಕು ಅಂತಿದೀಯಾ? ಎಲ್ಲಾ ನಿಮ್ಮಮ್ಮನ ಕಡೆ ಬುದ್ಧಿ. ಸರಿ ಆ ಕಡೆ!"

ಬೇಸಿಗೆಯೆಲ್ಲ ಬಾರದಿದ್ದ ಅಳು ನನಗೆ ಅಲ್ಲೇ ಬಂತು. ಅವಳು ಅದನ್ನು ಗಮನಿಸಲೂ ಇಲ್ಲ. ಅಂಗೈ ಒರೆಸಿಕೊಂಡು, ಟೋಪಿಯನ್ನು ತಲೆಗೆ ಹಾಕಿಕೊಂಡು, ಸೀದಾ ಸಭಾಮನೆಯ ಅಡುಗೆಮನೆಗೆ ನಡೆದಳು. ಹಿಂದಿನಿಂದ ಊರೆಲ್ಲ ಮರಳಿನ ಸಮೇತ ತಿನ್ನತೊಡಗಿತು.

ನಾನು ಅವಳ ಹಿಂದೆಯೇ ಹೋದೆ. ಅಲ್ಲಿ ಶನಿವಾರದ ಕೆಲಸ ಆಗಲೇ ಶುರುವಾಗಿತ್ತು. ರೀಹಿ ಅತ್ತೆ ದಡದಿಂದ ಯಾರಿಗೂ ಹೇಳದೆ ಬಂದು ಗೆಣಸು ಹೆಚ್ಚುತ್ತಿದ್ದಳು. ದೊಡ್ಡಮ್ಮ ಎದುರಿಗೆ ಕುಳಿತು ಇನ್ನೊಂದು ಚಾಕು ತೆಗೆದುಕೊಂಡಳು. ಒಂದು ಗೆಣಸು ಹೆಚ್ಚಿದಳು. ಎರಡನೆಯದರ ನಡುವೆ ಚಾಕು ನಿಂತಿತು. ಅವಳ ಬಾಯಿಂದ ಒಂದು ಸದ್ದು ಬಂತು, ಮೊದಲು ಸಣ್ಣದು, ಆಮೇಲೆ ಗೋಡೆಯ ತಟ್ಟೆಗಳು ಅದುರುವಂಥದ್ದು. ನಾವೆಲ್ಲ ಕೈಯಲ್ಲಿದ್ದ ಪಾತ್ರೆ ಹಿಡಿದುಕೊಂಡೇ ನಿಂತೆವು. ಯಾರಿಗೂ ಹತ್ತಿರ ಹೋಗುವ ಧೈರ್ಯವಾಗಲಿಲ್ಲ.

ರೀಹಿ ಅತ್ತೆ ತೋಳಿನಲ್ಲಿ ತನ್ನ ಮೂಗು ಒರೆಸಿಕೊಂಡಳು.

"ಏ ನೀರು," ಎಂದಳು. "ಮೂಗು ಸುರಿಸ್ಕೊಂಡು ಗೆಣಸು ಹೆಚ್ಚಬೇಡ್ವೇ. ನಮ್ಮಮ್ಮನ ಕಾರ್ಯಕ್ಕೆ ನಿನ್ನ ಉಪ್ಪೇನೂ ಬೇಕಾಗಿಲ್ಲ. ಆ ಕಡೆ ಹೋಗಿ ಅಳು."

"ನಿಮ್ಮಪ್ಪನ ಮನೆ ಅಡುಗೆಮನೆಯೇನೇ ಇದು?" ಎಂದಳು ದೊಡ್ಡಮ್ಮ ಬಿಕ್ಕುತ್ತಲೇ. "ಇಲ್ಲೇ ಅಳ್ತೀನಿ."

ಹಾಗೆಂದು, ಅಳುತ್ತಲೇ ಗೆಣಸು ಹೆಚ್ಚಿದಳು.